ಸಾಲು ತೋರಿಸಿ: ಕುರುಗೋಡಿನಿಂದ ಒಂದು ಪ್ರಣಾಳಿಕೆ

ನಮ್ಮನ್ನು ಆಳುವ ಬರಹವನ್ನು ನಾವೇ ಓದುತ್ತೇವೆ. ಓದಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಹೇಳಿದ ಪ್ರತಿ ಮಾತಿಗೂ ಸಾಲು ತೋರಿಸುತ್ತೇವೆ. ಬಳ್ಳಾರಿ ಜಿಲ್ಲೆಯ ಕುರುಗೋಡಿನಲ್ಲಿ ಕೂಡಿದ ನಾವು ಇಷ್ಟಕ್ಕೆ ಬದ್ಧರಾಗಿ ಈ ಚಳವಳಿಯನ್ನು ಆರಂಭಿಸುತ್ತಿದ್ದೇವೆ. ಇದಕ್ಕೆ ಇನ್ನೂ ಹೆಸರಿಟ್ಟಿಲ್ಲ. ಕೆಲಸ ಮೊದಲಾಗಲಿ, ಹೆಸರು ಜನರ ಬಾಯಿಂದ ಬರಲಿ.

ಆಳುವ ಬರಹ ಈಗ ಗೆಜೆಟ್ಟಿನಲ್ಲಿ ಮಾತ್ರ ಉಳಿದಿಲ್ಲ. ಯಾರಿಗೆ ಬೆಳೆ ಪರಿಹಾರ ಸಲ್ಲಬೇಕು, ಯಾರ ಹೆಸರು ಆಧಾರ್‌ಗೆ ತಾಳೆಯಾಗುವುದಿಲ್ಲ, ಯಾವ ಅರ್ಜಿ ಎಷ್ಟು ದಿನ ಯಾರ ಲಾಗಿನ್‌ನಲ್ಲಿ ಕೂರಬೇಕು ಎಂಬ ನಿಯಮಗಳಲ್ಲಿ ಅರ್ಧವನ್ನು ವಿಧಾನಸಭೆ ಬರೆಯುತ್ತದೆ, ಉಳಿದರ್ಧವನ್ನು ಪ್ರೋಗ್ರಾಮರ್ ಬರೆಯುತ್ತಾನೆ. ಮೊದಲರ್ಧ ಅಚ್ಚಾಗಿ ಹೊರಬರುತ್ತದೆ, ಅದರ ಮೇಲೆ ಚರ್ಚೆಯಾಗುತ್ತದೆ, ಕೋರ್ಟಿನಲ್ಲಿ ವಾದವಾಗುತ್ತದೆ. ಎರಡನೆಯರ್ಧವನ್ನು ಬರೆದವನ ಹೊರತು ಯಾರೂ ನೋಡಿಲ್ಲ. ಬರೆದವನೂ ಈಗ ಆ ಕೆಲಸದಲ್ಲಿಲ್ಲ.

ನಾವು ಯಾರು? ಬಳ್ಳಾರಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಓದಿ ಬೆಂಗಳೂರಿಗೆ ಹೋದವರು, ಹೋಗಿ ಮರಳಿದವರು, ಹೋಗದೇ ಉಳಿದವರು. ಗ್ರಾಮ ಒನ್ ಕೇಂದ್ರಗಳಲ್ಲಿ ಕೂತು ದಿನವಿಡೀ ಅರ್ಜಿ ತುಂಬುವವರು. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಲೆಕ್ಕ ಬರೆಯುವವರು. ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿಗೆ ಹೋಗಿ, ಇ-ಟೆಂಡರಿನ ದರ ಪರದೆಯ ಮೇಲೆ ಬೀಳುವುದನ್ನು ಕಾಯುವವರ ಮಕ್ಕಳು. ನಮ್ಮಲ್ಲಿ ತೆಲುಗು ಮನೆಮಾತಿನವರಿದ್ದಾರೆ, ಉರ್ದು ಮನೆಮಾತಿನವರಿದ್ದಾರೆ. ತಾಲ್ಲೂಕು ಕಚೇರಿಯ ಮುಂದೆ ಎಲ್ಲರೂ ಒಂದೇ ಉತ್ತರ ಕೇಳಿಸಿಕೊಂಡವರು: ‘ಸಿಸ್ಟಮ್ ತಗೊಳ್ತಿಲ್ರೀ.’

ಈ ಉತ್ತರವನ್ನು ನಾವು ಸುಳ್ಳು ಎನ್ನುತ್ತಿಲ್ಲ. ಕೌಂಟರಿನಲ್ಲಿ ಕೂತವರಿಗೆ ನಿಜವಾಗಿಯೂ ಅಷ್ಟೇ ಗೊತ್ತು. ಅವರ ಮೇಲಿನವರಿಗೂ ಅಷ್ಟೇ ಗೊತ್ತು. ಜಿಲ್ಲಾ ಕೇಂದ್ರದ ತಂತ್ರಜ್ಞನನ್ನು ಕೇಳಿದರೆ ಬೆಂಗಳೂರಿಗೆ ಟಿಕೆಟ್ ಹಾಕಿದ್ದೇನೆ ಎನ್ನುತ್ತಾನೆ. ಬೆಂಗಳೂರಿನಲ್ಲಿ ಟೆಂಡರ್ ಬದಲಾಗಿದೆ, ಹಳೆಯ ತಂಡ ಚದುರಿದೆ, ಹೊಸ ತಂಡ ಹಳೆಯ ಕೋಡನ್ನು ಮುಟ್ಟಲು ಹೆದರುತ್ತದೆ. ಗೊತ್ತಿಲ್ಲದವರ ಈ ಸರಪಳಿಯನ್ನೇ ನಾವು ಹಳೆಯ ವ್ಯವಸ್ಥೆ ಎಂದು ಕರೆಯುತ್ತೇವೆ. ಅದರಲ್ಲಿ ಖಳನಾಯಕರು ಬೇಕಿಲ್ಲ, ಎಲ್ಲರೂ ಪ್ರಾಮಾಣಿಕರಾಗಿದ್ದರೂ ಅದು ಸೋಲುತ್ತದೆ.

ಆಳುವ ಬರಹ ಜನರ ಕೈಗೆ ಸಿಗದಿರುವುದು ಈ ಸೀಮೆಗೆ ಹೊಸದಲ್ಲ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಮುಂದಿನ ಏಳು ವರ್ಷ ಥಾಮಸ್ ಮನ್ರೋ ಇಲ್ಲಿನ ಪ್ರಧಾನ ಕಲೆಕ್ಟರ್ ಆಗಿ ರೈತವಾರಿಯನ್ನು ಊರಿದ. ಒಬ್ಬೊಬ್ಬ ರೈತನಿಗೂ ಸರ್ಕಾರದ ಪುಸ್ತಕದಲ್ಲಿ ಒಂದು ಲೆಕ್ಕ ತೆರೆಯಿತು, ಪುಸ್ತಕ ಮಾತ್ರ ಊರ ಲೆಕ್ಕಿಗ ಕರಣಂನ ಕಂಕುಳಲ್ಲಿ ಉಳಿಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿದ ಮೇಲೂ ಪುಸ್ತಕ ಊರ ಲೆಕ್ಕಿಗನ ಬಳಿಯೇ. ಈ ಶತಮಾನದ ಆರಂಭದಲ್ಲಿ ಬಂದ ಭೂಮಿ ಯೋಜನೆ ರಾಜ್ಯದ ಸುಮಾರು 9000 ಗ್ರಾಮ ಲೆಕ್ಕಿಗರ ಕೈಬರಹವನ್ನು, ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು, ಹಿಂದಿನದನ್ನು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳುವಂತಿಲ್ಲ ಎಂಬ ನಿಯಮವನ್ನು ಕೋಡಿನಲ್ಲೇ ಬರೆಯಿತು. ಅದು ದೊಡ್ಡ ಕೆಲಸ. ಅದನ್ನು ಹಗುರ ಮಾಡುವವರು ನಮ್ಮ ಜೊತೆ ಬರಬೇಕಿಲ್ಲ. ಲಂಚ ಕೊಟ್ಟು ಸರದಿ ಮುರಿಯುತ್ತಿದ್ದವನಿಗೆ ಅಡ್ಡ ನಿಂತದ್ದು ಒಂದು ಫಂಕ್ಷನ್ ಎಂಬುದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಕೋಡ್ ನ್ಯಾಯ ಕೊಡಬಲ್ಲದು ಎಂಬ ನಮ್ಮ ನಂಬಿಕೆಗೆ ಅದೇ ಆಧಾರ.

ಆದರೆ ಪುಸ್ತಕ ಕಂಕುಳಿನಿಂದ ಸರ್ವರ್‌ಗೆ ಹೋದಾಗ ಗುಟ್ಟೂ ಜೊತೆಗೇ ಹೋಯಿತು. ಕರಣಂನನ್ನು ಬೈಯಬಹುದಿತ್ತು, ಅವನ ಮನೆಯ ಕಟ್ಟೆಯ ಮೇಲೆ ಕೂತು ‘ಯಾಕ್ರೀ ಹಿಂಗ್ ಬರದೀರಿ’ ಎಂದು ಕೇಳಬಹುದಿತ್ತು. ಸರ್ವರ್‌ಗೆ ಕಟ್ಟೆ ಇಲ್ಲ. ಬ್ಯಾಂಕಿನ ಸಾಲ ತೀರಿದ ಮೇಲೂ ಪಹಣಿಯ ಕಾಲಂ 11ರಲ್ಲಿ ಬೋಜಾ, ಅಂದರೆ ಸಾಲದ ಹೊರೆ, ಏಕೆ ಉಳಿದಿದೆ, ಅದನ್ನು ತೆಗೆಯುವುದು ಯಾವ ಭಾಗದ ಕೆಲಸ, ಆ ಭಾಗ ಯಾವುದಕ್ಕೆ ಕಾಯುತ್ತಿದೆ? ಇಷ್ಟು ಸಾದಾ ಪ್ರಶ್ನೆಗೆ ಉತ್ತರ ಕೋಡಿನಲ್ಲಿ ಇದ್ದೇ ಇರುತ್ತದೆ. ಕೇಳುವ ದಾರಿ ಮಾತ್ರ ಇಲ್ಲ.

ದಾರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ ತೋರಿಸಿಕೊಟ್ಟಿದೆ. ಅಲ್ಲಿನ ಅಂಚೆ ಸಂಸ್ಥೆ ಫುಜಿತ್ಸು ಕಂಪನಿಯ ಹೊರೈಜನ್ ಎಂಬ ತಂತ್ರಾಂಶವನ್ನು ಶಾಖೆಗಳಿಗೆ ಹಾಕಿತು. ಲೆಕ್ಕದಲ್ಲಿ ಇಲ್ಲದ ಕೊರತೆಯನ್ನು ಅದು ತೋರಿಸಿತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಉಪ ಅಂಚೆಪಾಲಕರಿಗೆ ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಶಿಕ್ಷೆಯಾಯಿತು. ಕಂಪ್ಯೂಟರ್ ಸರಿಯಾಗಿಯೇ ನಡೆಯುತ್ತಿದೆ ಎಂದು ಮೊದಲೇ ಒಪ್ಪಿಕೊಂಡು ಕೂರುವುದು ಅಲ್ಲಿನ ಕೋರ್ಟಿನ ರೂಢಿ. ಹೊರೈಜನ್‌ನಲ್ಲೇ ದೋಷವಿತ್ತು ಎಂದು ಹೈಕೋರ್ಟು ಹೇಳಿದ್ದು 2019ರಲ್ಲಿ. ಶಿಕ್ಷೆಗಳನ್ನು ಒಟ್ಟಿಗೆ ರದ್ದುಮಾಡಲು ಸಂಸತ್ತು 2024ರಲ್ಲಿ ಕಾನೂನನ್ನೇ ತರಬೇಕಾಯಿತು. ಎಷ್ಟೋ ವರ್ಷ ಅವರಲ್ಲಿ ಹಲವರು ತಮ್ಮ ಶಾಖೆಯಲ್ಲಿ ಮಾತ್ರ ಹೀಗಾಗಿದೆ ಎಂದುಕೊಂಡು ತಲೆತಗ್ಗಿಸಿ ಬದುಕಿದರು. ಓದುಬರಹ ಬಲ್ಲ, ವಕೀಲರನ್ನು ಇಡಬಲ್ಲ ಜನರ ಗತಿ ಅದು. ಸಿರುಗುಪ್ಪದ ಉದ್ಯೋಗ ಖಾತ್ರಿ ಕೆಲಸದ ಹೆಣ್ಣುಮಗಳ ಹಾಜರಿಯನ್ನು ಮೊಬೈಲ್ ಆ್ಯಪ್ ತೆಗೆದುಕೊಳ್ಳದಿದ್ದರೆ ಅವಳು ಯಾವ ಹೈಕೋರ್ಟಿಗೆ ಹೋಗಬೇಕು?

ಸಂಗಾತಿಗಳೇ, ಇನ್ನು ನಮ್ಮ ನಂಬಿಕೆಯ ಮಾತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಮರುದಿನ ಬೆಳಿಗ್ಗೆ ನಮ್ಮ ಚಹಾ ಅಂಗಡಿಗಳಲ್ಲಿ ಏನು ಮಾತು ನಡೆಯಿತು ಎಂದು ನೆನಪಿಸಿಕೊಳ್ಳಿ. ಒಂದು ಗೇಟು ಹೋದರೆ ಉಳಿದ ಗೇಟುಗಳನ್ನು ಏಕೆ ತೆರೆಯಬೇಕು, ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್ ಇಳಿಸಲು ನೀರಿನ ಮಟ್ಟ ಎಲ್ಲಿಗೆ ಬರಬೇಕು, ಕೆಳಮಟ್ಟದ ಕಾಲುವೆ ಎಲ್‌ಎಲ್‌ಸಿಗೆ ಎಷ್ಟು ಸಿಗುತ್ತದೆ, ಮೇಲ್ಮಟ್ಟದ ಕಾಲುವೆ ಎಚ್‌ಎಲ್‌ಸಿಗೆ ಎಷ್ಟು, ಎರಡನೇ ಬೆಳೆಗೆ ಭತ್ತ ನಾಟಿ ಮಾಡಬಹುದೋ ಇಲ್ಲವೋ: ಇಂಜಿನಿಯರಿಂಗ್ ಓದದವರು ಇಂಜಿನಿಯರರಂತೆ ವಾದಿಸಿದರು. ಏಕೆಂದರೆ ಅಣೆಕಟ್ಟಿನ ಭಾಗಗಳು ಅವರಿಗೆ ಹೆಸರು ಹಿಡಿದು ಗೊತ್ತು. ಗೇಟು, ಚೈನು, ಮುಖ್ಯ ಕಾಲುವೆ, ವಿತರಣಾ ನಾಲೆ, ತೂಬು, ಹೊಲಗಾಲುವೆ. ಯಾವುದು ಯಾವುದರ ಮೇಲೆ ನಿಂತಿದೆ, ಮೇಲೆ ಒಂದು ಮುಚ್ಚಿದರೆ ಕೆಳಗೆ ಯಾರ ಹೊಲ ಒಣಗುತ್ತದೆ ಎಂಬ ನಕ್ಷೆ ಅವರ ತಲೆಯಲ್ಲಿದೆ. ಕೊನೆ ಭಾಗದ ರೈತನಿಗಂತೂ ಅದು ಇನ್ನೂ ಚೆನ್ನಾಗಿ ಗೊತ್ತು, ಮೇಲಿನವರ ತಪ್ಪೆಲ್ಲ ಮೊದಲು ತಟ್ಟುವುದು ಅವನಿಗೇ.

ಹಾಗಾಗಿ, ಹಳ್ಳಿಯ ಜನಕ್ಕೆ ತಂತ್ರಾಂಶ ಅರ್ಥವಾಗುವುದಿಲ್ಲ ಎಂಬ ಮಾತನ್ನು ನಾವು ಈ ಹೊತ್ತಿನಿಂದ ಕೇಳಿಸಿಕೊಳ್ಳುವುದಿಲ್ಲ. ತಂತ್ರಾಂಶಕ್ಕೂ ಭಾಗಗಳಿವೆ. ಒಂದು ಭಾಗ ಇನ್ನೊಂದನ್ನು ಕರೆಯುತ್ತದೆ, ಒಂದರಲ್ಲಿ ಹೊಕ್ಕ ಮಾಹಿತಿ ಮತ್ತೊಂದರಲ್ಲಿ ಹೊರಡುತ್ತದೆ. ಆ ನಕ್ಷೆಯನ್ನು ಯಾರೂ ಬರೆದು ಕೊಟ್ಟಿಲ್ಲ, ಅಷ್ಟೇ.

ನಕ್ಷೆ ಬರೆಯುವ ಉಪಕರಣಗಳು ಲೋಕದಲ್ಲಿ ಹಿಂದಿನಿಂದಲೂ ಇವೆ. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ 1978ರಲ್ಲಿ ಬರೆದ ಲಿಂಟ್, ಸಿ ಕೋಡನ್ನು ಓಡಿಸದೆಯೇ ಓದಿ ಅನುಮಾನದ ಜಾಗಗಳನ್ನು ಎತ್ತಿ ತೋರಿಸುತ್ತಿತ್ತು. ಅಲ್ಲಿಂದ ಮುಂದೆ ಈ ವಿದ್ಯೆ ಬೆಳೆದಿದೆ. ಕೋಡನ್ನು ವ್ಯಾಕರಣದ ಪ್ರಕಾರ ಬಿಡಿಸಿ ಮರವಾಗಿ ಹರಡುವುದು, ಒಂದೇ ಹೆಸರಿನ ಹತ್ತು ಫಂಕ್ಷನ್‌ಗಳಿದ್ದರೆ ಇಲ್ಲಿ ಕರೆದದ್ದು ಯಾವುದನ್ನು ಎಂದು ನಿರ್ಧರಿಸುವುದು, ಯಾರು ಯಾರನ್ನು ಕರೆಯುತ್ತಾರೆ ಎಂಬ ಬಲೆ ಹೆಣೆಯುವುದು, ಒಂದು ಮೌಲ್ಯ ಹುಟ್ಟಿದ ಕಡೆಯಿಂದ ಡೇಟಾಬೇಸ್ ಮುಟ್ಟುವವರೆಗೆ ಅದರ ಬೆನ್ನು ಹತ್ತುವುದು. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಪ್ರಯೋಗಾಲಯವನ್ನು ನಡೆಸಿದ ಶ್ರೀರಾಮ್ ರಾಜಮಣಿ ಅವರು ಥಾಮಸ್ ಬಾಲ್ ಜೊತೆ ಕಟ್ಟಿದ ಸ್ಲ್ಯಾಮ್ ಇದೇ ವಿದ್ಯೆಯಿಂದ ವಿಂಡೋಸ್ ಡ್ರೈವರ್‌ಗಳ ದೋಷ ಹಿಡಿಯಿತು. ಇಷ್ಟೆಲ್ಲ ಇದ್ದರೂ ಉತ್ತರ ಬರುತ್ತಿದ್ದದ್ದು ಪ್ರೋಗ್ರಾಮರ್‌ಗೆ ಮಾತ್ರ ತಿಳಿಯುವ ಪಟ್ಟಿಗಳಲ್ಲಿ, ಬಾಣಗಳ ಚಿತ್ರಗಳಲ್ಲಿ. ಚಿತ್ರ ದೊಡ್ಡದಾದಷ್ಟೂ ಅದನ್ನು ನೋಡುವವರು ಕಡಿಮೆ.

ಮಾತನಾಡಬಲ್ಲ ಯಂತ್ರ ಈಗ ಬಂದಿದೆ. ಎಐ ಏಜೆಂಟ್‌ಗೆ ಒಂದು ಕೋಡಿನ ರಾಶಿ ಕೊಟ್ಟು ಇದೇನು ಎಂದು ಕೇಳಿದರೆ ಒಳ್ಳೆಯ ಕನ್ನಡದಲ್ಲೇ ಉತ್ತರ ಕೊಡುತ್ತದೆ. ನಮ್ಮಲ್ಲಿ ಕೆಲವರು ಇದನ್ನು ನೋಡಿ ಕೆಲಸ ಮುಗಿಯಿತು ಎಂದುಕೊಂಡರು. ಮುಗಿದಿಲ್ಲ. ತನ್ನಷ್ಟಕ್ಕೆ ಬಿಟ್ಟ ಏಜೆಂಟ್ ಹೆಸರು ನೋಡಿ ಜಾತಕ ಹೇಳುತ್ತದೆ. ಫಂಕ್ಷನ್ನಿಗೆ ‘ಪರಿಶೀಲನೆ’ ಎಂದು ಹೆಸರಿದ್ದರೆ ಅದು ಪರಿಶೀಲಿಸುತ್ತದೆ ಎಂದು ವಿವರಿಸುತ್ತದೆ. ಒಳಗೆ ಏನು ಬಂದರೂ ‘ಸರಿ’ ಎಂದು ತಿರುಗಿಸಿ ಕಳಿಸುವ ಒಂದೇ ಒಂದು ಸಾಲು ಇದ್ದರೂ ಹಾಗೆಯೇ. ದೊಡ್ಡ ತಂತ್ರಾಂಶದ ಸಾವಿರಾರು ಫೈಲುಗಳನ್ನು ಅದು ಒಮ್ಮೆಗೆ ಓದಲಾರದು. ಓದಿದ ತುಂಡುಗಳಿಂದ ಓದದ ತುಂಡುಗಳನ್ನು ಊಹಿಸಿ, ಊಹೆಯನ್ನೂ ಕಂಡದ್ದನ್ನೂ ಒಂದೇ ದನಿಯಲ್ಲಿ ಹೇಳುತ್ತದೆ. ‘ಸಿಸ್ಟಮ್ ತಗೊಳ್ತಿಲ್ರೀ’ ಎಂಬ ಉತ್ತರಕ್ಕಿಂತ ಇದು ಅಪಾಯಕಾರಿ. ಆ ಉತ್ತರದಲ್ಲಿ ಅಜ್ಞಾನ ಬೆತ್ತಲೆಯಾಗಿತ್ತು, ಇದರಲ್ಲಿ ಅದು ಇಸ್ತ್ರಿ ಬಟ್ಟೆ ಹಾಕಿಕೊಂಡು ನಿಂತಿದೆ.

ವಿಶ್ಲೇಷಣೆಯ ಉಪಕರಣ ಮೊದಲು, ಏಜೆಂಟಿನ ಮಾತು ಆಮೇಲೆ. ನಮ್ಮ ಚಳವಳಿಯ ನಡು ಇದು. ಉಪಕರಣ ಕೋಡನ್ನು ಓದಿ ಸಂಗತಿಗಳ ಕೋಶ ಕಟ್ಟುತ್ತದೆ. ಏಜೆಂಟ್ ಆ ಕೋಶಕ್ಕೆ ಪ್ರಶ್ನೆ ಹಾಕುತ್ತದೆ: ಇದನ್ನು ಯಾರು ಕರೆಯುತ್ತಾರೆ, ಈ ಮೊತ್ತ ಎಲ್ಲಿಂದ ಬಂತು, ಇದನ್ನು ಬದಲಿಸಿದರೆ ಏನೇನು ಅಲುಗಾಡುತ್ತದೆ. ಸಿಕ್ಕ ಉತ್ತರವನ್ನು ಮಾತಾಗಿಸುತ್ತದೆ. ಪ್ರತಿ ವಾಕ್ಯದ ಬೆನ್ನಿಗೆ ಫೈಲಿನ ಹೆಸರು, ಸಾಲಿನ ಸಂಖ್ಯೆ, ಯಾವ ದಿನಾಂಕದ ಆವೃತ್ತಿ ಎಂಬುದು ಇರಲೇಬೇಕು. ಸಾಲು ತೋರಿಸಲಾಗದ ವಾಕ್ಯವನ್ನು ಏಜೆಂಟ್ ಹೇಳಕೂಡದು, ಇಲ್ಲವೇ ಊಹೆ ಎಂದು ಬಾಯಿಬಿಟ್ಟು ಹೇಳಬೇಕು.

ಇದು ನಮ್ಮ ಕನಸಿನ ಮಾತಲ್ಲ, ಬೆಂಗಳೂರಿನಲ್ಲೇ ಇದರ ರುಜುವಾತು ಇದೆ. 2023ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ಲಕ್ಷ್ಯ ಅಗ್ರವಾಲ್, ಆದಿತ್ಯ ಕಾನಡೆ, ನವೀನ್ ಗೋಯಲ್, ಶುವೇಂದು ಲಾಹಿರಿ, ಶ್ರೀರಾಮ್ ರಾಜಮಣಿ ಒಂದು ಸಂಶೋಧನೆ ಪ್ರಕಟಿಸಿದರು. ಭಾಷಾ ಮಾದರಿ ಕೋಡ್ ಬರೆಯುತ್ತಾ ಹೋಗುವಾಗ, ಮುಂದೆ ಬರಬೇಕಾದ ಹೆಸರಿನ ಜಾಗ ಬಂದೊಡನೆ, ವಿಶ್ಲೇಷಣೆಯ ಉಪಕರಣ ಪಕ್ಕದಲ್ಲಿ ನಿಂತು ಇಲ್ಲಿ ಇರಲು ಸಾಧ್ಯವಿರುವ ಹೆಸರುಗಳು ಇಷ್ಟೇ ಎಂದು ಹೇಳುತ್ತದೆ. ಇಲ್ಲದ ಹೆಸರನ್ನು ಹುಟ್ಟಿಸುವ ಚಾಳಿಗೆ ಅಲ್ಲೇ ತಡೆ. ಫಲಿತಾಂಶವನ್ನು ಎರಡು ಸಲ ಓದಿ: 110 ಕೋಟಿ ಪ್ಯಾರಾಮೀಟರುಗಳ ಪುಟ್ಟ ಮಾದರಿಯೊಂದು, ಈ ಆಸರೆ ಸಿಕ್ಕಾಗ, ತನಗಿಂತ ಎಷ್ಟೋ ಪಟ್ಟು ದೊಡ್ಡ ಮಾದರಿಗಿಂತ ಹೆಚ್ಚು ಸಲ ಕಂಪೈಲ್ ಆಗುವ ಕೋಡ್ ಬರೆಯಿತು. ಅದಕ್ಕಾಗಿ ಅವರು ಕಟ್ಟಿದ ಮಲ್ಟಿಲ್‌ಸ್ಪೈ (multilspy) ಎಂಬ ಲೈಬ್ರರಿ ಮುಕ್ತವಾಗಿದೆ, ಬೇಕಾದವರು ಎತ್ತಿಕೊಳ್ಳಬಹುದು. ದೊಡ್ಡ ಯಂತ್ರ ಕೊಳ್ಳಲಾರದ ಊರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರಿಲ್ಲ. ದೊಡ್ಡ ಮಿದುಳು ಬಾಡಿಗೆಗೆ ತರಬೇಕಿಲ್ಲ, ಸರಿಯಾದ ಸಂಗತಿ ಪಕ್ಕದಲ್ಲಿದ್ದರೆ ಸಣ್ಣ ಮಿದುಳೇ ಸಾಕಾಗುವ ಕೆಲಸಗಳಿವೆ. ವಿವರಿಸುವ ಕೆಲಸವೂ ಅವುಗಳಲ್ಲಿ ಒಂದು ಎಂದು ನಾವು ನಂಬುತ್ತೇವೆ, ಅದನ್ನು ಇಲ್ಲಿಯೇ ಮಾಡಿ ತೋರಿಸುತ್ತೇವೆ.

ಎಲ್ಲಿಂದ ಆರಂಭ? ಸರ್ಕಾರದ ಬಹುಪಾಲು ಕೋಡ್ ಬೀಗದ ಒಳಗಿದೆ. ಆದರೆ ಬೆಂಗಳೂರಿನಲ್ಲಿ ಹುಟ್ಟಿ ಬಯಲಿಗೆ ಬಿದ್ದಿರುವ ಸಾರ್ವಜನಿಕ ಕೋಡ್ ಕಡಿಮೆ ಇಲ್ಲ. ಐಐಐಟಿ ಬೆಂಗಳೂರಿನ ಮೋಸಿಪ್ ಇದೆ. ಅದರ ಮೇಲೆ ಫಿಲಿಪ್ಪೀನ್ಸ್ ತನ್ನ ಜನರಿಗೆ ಗುರುತಿನ ಸಂಖ್ಯೆ ಕೊಡುತ್ತಿದೆ. 2003ರಲ್ಲಿ ಶುರುವಾದ ಇಗವರ್ನಮೆಂಟ್ಸ್ ಫೌಂಡೇಶನ್ನಿನ ಡಿಜಿಟ್ ಇದೆ, ಹಲವು ರಾಜ್ಯಗಳ ನಗರಸಭೆಗಳು ಅದನ್ನು ಬಳಸುತ್ತವೆ. ಕುರುಗೋಡು ಪುರಸಭೆಯಲ್ಲಿ ಓಡುವುದು ಅದೇ ಎಂದು ನಾವು ಹೇಳುತ್ತಿಲ್ಲ, ಕಲಿಯಲು ಅದು ಒಳ್ಳೆಯ ಗರಡಿ. ಅದರಲ್ಲಿ ಆಸ್ತಿ ನೋಂದಾಯಿಸುವ ಭಾಗ ಬೇರೆ, ತೆರಿಗೆ ಲೆಕ್ಕ ಹಾಕುವ ಭಾಗ ಬೇರೆ, ಬಿಲ್ ಮಾಡುವುದು ಬೇರೆ, ಕಡತವನ್ನು ಒಬ್ಬರ ಮೇಜಿನಿಂದ ಇನ್ನೊಬ್ಬರ ಮೇಜಿಗೆ ದೂಡುವುದು ಬೇರೆ.

ಅದನ್ನು ಓದಲು ಕೂತರೆ ನಮ್ಮ ಉಪಕರಣಕ್ಕೂ ಪಾಠವಾಗುತ್ತದೆ. ಅರ್ಜಿ ಬಂತು, ತಪಾಸಣೆ ಆಯಿತು, ಆಮೇಲೆ ಅರ್ಜಿ ಪಡೆದ ಭಾಗ ಮಾಹಿತಿಯನ್ನು ಕಾಫ್ಕಾ ಎಂಬ ಸಂದೇಶ ಸಾಲಿಗೆ ಎಸೆದು ಕೈತೊಳೆದುಕೊಳ್ಳುತ್ತದೆ. ಕರೆಗಳ ಬಲೆಯನ್ನಷ್ಟೇ ನೋಡಿದರೆ ಈ ಅರ್ಜಿಯನ್ನು ಯಾರೂ ಉಳಿಸುವುದೇ ಇಲ್ಲ! ನಿಜದಲ್ಲಿ ಪರ್ಸಿಸ್ಟರ್ ಎಂಬ ಬೇರೆಯೇ ಒಂದು ಭಾಗ ಆ ಸಾಲಿನ ಬಳಿ ಕಾದು ನಿಂತು, ಸಂದೇಶವನ್ನು ಎತ್ತಿಕೊಂಡು ಡೇಟಾಬೇಸಿಗೆ ಬರೆಯುತ್ತದೆ. ಯಾವ ಸಂದೇಶವನ್ನು ಯಾವ ಕೋಷ್ಟಕದ ಯಾವ ಕಾಲಂಗೆ ಬರೆಯಬೇಕು ಎಂಬುದು ಜಾವಾ ಕೋಡಿನಲ್ಲಿಲ್ಲ, ಒಂದು ಕಾನ್ಫಿಗರೇಶನ್ ಫೈಲಿನಲ್ಲಿದೆ. ಎರಡು ಭಾಗಗಳ ನಡುವಿನ ಏಕೈಕ ನಂಟು ಒಂದು ಹೆಸರಿನ ಅಕ್ಷರಗಳು. ಆ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಕಂಪೈಲರ್ ದೂರುವುದಿಲ್ಲ. ನಾಗರಿಕನ ಪರದೆಯಲ್ಲಿ ‘ಅರ್ಜಿ ಸ್ವೀಕರಿಸಲಾಗಿದೆ’ ಎಂದೇ ಬರಬಹುದು, ಡೇಟಾಬೇಸಿನಲ್ಲಿ ಏನೂ ಇರುವುದಿಲ್ಲ. ತೆರಿಗೆ ದರ, ವಿನಾಯಿತಿ, ದಂಡ ಇತ್ಯಾದಿ ಸಹ ಕೋಡಿನ ಹೊರಗೆ, ಬೇರೆ ಫೈಲುಗಳಲ್ಲಿ. ಜಾವಾ ಮಾತ್ರ ಓದುವ ಉಪಕರಣ ಇಲ್ಲಿ ಅರ್ಧ ಕುರುಡು. ಕೋಡ್, ಕಾನ್ಫಿಗರೇಶನ್, ಡೇಟಾಬೇಸ್ ರಚನೆ ಮೂರನ್ನೂ ಒಂದೇ ನಕ್ಷೆಗೆ ತಂದು, ಹೆಸರಿನಿಂದ ಹೆಸರಿಗೆ ಗೆರೆ ಎಳೆಯುವ ಉಪಕರಣವನ್ನು ನಾವು ಕಟ್ಟುತ್ತೇವೆ. ಸರ್ಕಾರಿ ತಂತ್ರಾಂಶದ ನಿಜವಾದ ಅಧಿಕಾರ ಕಾನ್ಫಿಗರೇಶನ್ ಫೈಲುಗಳಲ್ಲಿ ಕೂತಿದೆ. ಮಂತ್ರಿಗಳಿಗೂ ಇದನ್ನು ಯಾರಾದರೂ ತಿಳಿಸಬೇಕು.

ಉಪಕರಣ ಎಲ್ಲವನ್ನೂ ಹೇಳುತ್ತದೆ ಎಂಬ ಭ್ರಮೆ ನಮಗಿಲ್ಲ. ಯಾವುದೇ ಪ್ರೋಗ್ರಾಮ್ ಓಡುವಾಗ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಎಲ್ಲ ಸಂದರ್ಭಕ್ಕೂ ನಿರ್ಧರಿಸಿ ಹೇಳುವ ಸಾರ್ವತ್ರಿಕ ವಿಧಾನ ಇರಲಾರದು ಎಂದು ಹೆನ್ರಿ ರೈಸ್ 1953ರಲ್ಲೇ ಸಾಧಿಸಿದ. ನಮ್ಮ ಏಜೆಂಟ್ ‘ಇದು ಇಲ್ಲಿಂದ ಕಾಣುತ್ತಿಲ್ಲ’ ಎಂದು ಹೇಳಲು ಕಲಿತಿರಬೇಕು. ಆ ಮಾತು ಹೇಳದ ಏಜೆಂಟ್ ಎಷ್ಟೇ ಚೆನ್ನಾಗಿ ಮಾತನಾಡಿದರೂ ನಮ್ಮ ಅಂಗಳದಲ್ಲಿ ಅದಕ್ಕೆ ಜಾಗವಿಲ್ಲ.

ವಿವರಣೆ ಕನ್ನಡದಲ್ಲಿರುತ್ತದೆ. ಕಚೇರಿಯಲ್ಲಿ, ಹೊಲದ ಬದುವಿನ ಮೇಲೆ ಆಡುವ ಕನ್ನಡ: ಪೌತಿ ಖಾತೆ, ಹಿಸ್ಸಾ, ಪೋಡಿ, ಬೋಜಾ. ಪರಿಭಾಷೆಯ ಸಮಿತಿಗೆ ಕಾಯುವ ಪುರಸೊತ್ತು ನಮಗಿಲ್ಲ, ಸರ್ವರನ್ನು ಸರ್ವರ್ ಎಂದೇ ಕರೆಯುತ್ತೇವೆ. ಓದಲು ಬಾರದವರಿಗೆ ಓದಿ ಹೇಳುವಂತಿರಬೇಕು. ತೆಲುಗಿನಲ್ಲಿ, ಉರ್ದುವಿನಲ್ಲಿ ಕೇಳುವವರಿಗೆ ಅವರ ಮಾತಿನಲ್ಲೇ ಉತ್ತರ ಸಿಗಬೇಕು. ಸಾಲಿನ ಸಂಖ್ಯೆ ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ.

ನಮಗೆ ಯಾರ ದತ್ತಾಂಶವೂ ಬೇಡ. ಯಾರ ಪಹಣಿಯಲ್ಲಿ ಎಷ್ಟು ಎಕರೆ, ಯಾರ ಖಾತೆಯಲ್ಲಿ ಎಷ್ಟು ಹಣ ಎಂಬುದು ನಮ್ಮ ವಿಷಯವಲ್ಲ, ಅದನ್ನು ಕೇಳುವವರು ನಮ್ಮವರಲ್ಲ. ನಮಗೆ ನಿಯಮ ಬೇಕು. ಸರ್ಕಾರಿ ತಂತ್ರಾಂಶಗಳ ಮೂಲ ಕೋಡನ್ನು ತೆರೆದಿಡುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಪ್ರಕಟಿಸಿದೆ. 2020ರಲ್ಲಿ ಆರೋಗ್ಯ ಸೇತು ಆ್ಯಪಿನ ಕೋಡನ್ನು ಹೊರಗಿಟ್ಟು ತೋರಿಸಿದೆ. ಕಾಗದದ ಮೇಲಿರುವ ಆ ನೀತಿಯನ್ನು ಹಿಡಿದು, ಮಾಹಿತಿ ಹಕ್ಕಿನ ಅರ್ಜಿ ಹಿಡಿದು, ರೈತರ ಬದುಕು ಮುಟ್ಟುವ ಒಂದೊಂದು ತಂತ್ರಾಂಶದ ಬಾಗಿಲನ್ನೂ ನಾವು ತಟ್ಟುತ್ತೇವೆ. ಬಾಗಿಲು ತೆರೆದ ದಿನ ಓದಲು ತಯಾರಿರಬೇಕು. ಇಲ್ಲದಿದ್ದರೆ ತೆರೆದ ಕೋಡೂ ಮುಚ್ಚಿದ ಕೋಡೂ ಒಂದೇ. ತಯಾರಿಯನ್ನು ಇಂದೇ ಆರಂಭಿಸುವುದು ಅದಕ್ಕೇ.

ಒಳಗಿನಿಂದಲೂ ಕೆಲಸವಿದೆ. ಸರ್ಕಾರಕ್ಕೆ ತಂತ್ರಾಂಶ ಬರೆಯುವ ಕಂಪನಿಗಳಲ್ಲಿ ನಮ್ಮೂರಿನವರೇ ಇದ್ದಾರೆ. ಅವರಿಗೆ ನಮ್ಮ ಕರೆ: ಹಳೆಯ ಕೋಡಿಗೆ ಹೆದರಿ ಸುತ್ತಲೂ ಹೊಸ ಗೋಡೆ ಕಟ್ಟುವುದನ್ನು ನಿಲ್ಲಿಸಿ. ಕೆಲಸ ಬಿಡುವ ಮುನ್ನ ನಕ್ಷೆ ಬಿಟ್ಟು ಹೋಗಿ. ಪ್ರತಿ ಬದಲಾವಣೆಯ ಜೊತೆ ಹೊಸ ವಿವರಣೆ ತಾನಾಗಿ ಸಿದ್ಧವಾಗಲಿ. ಮೂರು ವರ್ಷ ಹಿಂದಿನ ಕೈಪಿಡಿಯನ್ನು ನಂಬಿ ಯಾರೂ ಮೋಸಹೋಗಬಾರದು. ಟೆಂಡರಿನ ಷರತ್ತಿನಲ್ಲೇ ಇದು ಸೇರಬೇಕು: ಭಾಗಭಾಗವನ್ನೂ ವಿವರಿಸಲಾಗದ ತಂತ್ರಾಂಶವನ್ನು ಸರ್ಕಾರ ಪಡೆದುಕೊಳ್ಳಕೂಡದು, ಬಿಲ್ಲೂ ಪಾಸು ಮಾಡಕೂಡದು.

ಡೆನ್ಮಾರ್ಕಿನ ಪೀಟರ್ ನೌರ್ 1985ರಲ್ಲಿ ಒಂದು ಗಟ್ಟಿ ಮಾತು ಹೇಳಿದ್ದಾನೆ. ಪ್ರೋಗ್ರಾಮ್ ಎಂದರೆ ಬರೆದವರ ತಲೆಯಲ್ಲಿರುವ ತಿಳಿವಳಿಕೆ. ಆ ತಂಡ ಚದುರಿದರೆ ಪ್ರೋಗ್ರಾಮ್ ಸತ್ತಂತೆ, ಎಷ್ಟು ದಾಖಲೆ ಬರೆದಿಟ್ಟರೂ ಅದು ಪೂರ್ತಿ ಮರಳಿ ಬರದು. ಇದರಲ್ಲಿ ಅರ್ಧವನ್ನು ನಾವು ಒಪ್ಪುತ್ತೇವೆ. ಕೋಡ್ ಏನು ಮಾಡುತ್ತದೆ ಎಂಬುದು ಕೋಡಿನಲ್ಲೇ ಇದೆ, ಅದನ್ನು ಉಪಕರಣ ಎತ್ತಿ ಕೊಡುತ್ತದೆ. ಏಕೆ ಹಾಗೆ ಮಾಡುತ್ತದೆ, ಹಾಗೆಯೇ ಮಾಡಬೇಕಿತ್ತೇ ಎಂಬುದು ಕೋಡಿನಲ್ಲಿಲ್ಲ. ಅದು ಮನುಷ್ಯರಲ್ಲಿದೆ. ಆ ಮನುಷ್ಯರೆಲ್ಲ ಪ್ರೋಗ್ರಾಮರ್‌ಗಳೇ ಆಗಿರಬೇಕಿಲ್ಲ.

ಹಾಗಾಗಿ ಜಾವಾ ಬರುವವರು ಬನ್ನಿ, ಪೈಥಾನ್ ಬರುವವರು ಬನ್ನಿ, ರಾತ್ರಿ ಪಾಳಿ ಮುಗಿಸಿ ಬೆಂಗಳೂರಿನಿಂದಲೇ ಫೋನಿನಲ್ಲಿ ಕೂಡುವವರು ಕೂಡಿ. ಗ್ರಾಮ ಒನ್‌ನಲ್ಲಿ ಕೂತವರು ದಿನವೂ ಕಾಣುವ ದೋಷದ ಸಂದೇಶಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ, ಜನರ ಹೆಸರು ಬರೆಯದೆ. ಖಾತ್ರಿ ಕೆಲಸದ ಮೇಟಿಗಳು ಹಾಜರಿ ಎಲ್ಲಿ ಬೀಳುವುದಿಲ್ಲ ಎಂದು ಹೇಳಿ. ಎಲ್ಲರಿಗಿಂತ ಮೊದಲು, ನಿವೃತ್ತರಾದ ಗ್ರಾಮ ಲೆಕ್ಕಿಗರೇ, ನೀವು ಬನ್ನಿ. ಪೌತಿ ಖಾತೆ ಕೈಬರಹದ ಕಾಲದಲ್ಲಿ ಹೇಗಾಗುತ್ತಿತ್ತು, ಯಾವ ತಕರಾರಿಗೆ ಯಾರನ್ನು ಕರೆಸುತ್ತಿದ್ದಿರಿ, ಯಾವುದನ್ನು ನಿಯಮಕ್ಕೂ ಮೀರಿ ವಿವೇಕದಿಂದ ತೀರ್ಮಾನಿಸುತ್ತಿದ್ದಿರಿ ಎಂದು ಕೂತು ಹೇಳಿ. ಕೋಡಿನ ನಕ್ಷೆಯ ಪಕ್ಕದಲ್ಲಿ ನಿಮ್ಮ ಮಾತನ್ನಿಟ್ಟು, ಎಲ್ಲೆಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಲ್ಲಿ ಗುರುತು ಹಾಕುವುದರಿಂದ ನಮ್ಮ ಕೆಲಸ ಶುರುವಾಗುತ್ತದೆ.